ಇನ್ನೊಬ್ಬ ದೆವೋರಾ

ನನಗೆ ಹೆಸರಿಟ್ಟಾಗ ಅಜ್ಜಿ ಬದುಕಿದ್ದಳು.
ಇಜ್ಮಿರಿನ ನಮ್ಮ ಮಂದಿಯಲ್ಲಿ ಹಾಗೇ,
ಬದುಕಿದ್ದವರ ಹೆಸರನ್ನೇ ಕೂಸಿಗೆ ಕೊಡುವುದು;
ಅಂಗಳದಲ್ಲಿ ಒಮ್ಮೆ ಕೂಗಿದರೆ
ಎರಡು ಬಾಗಿಲಿಂದ ಓಗೊಡುವುದು.

ದೆವೋರಾ ಅಂದರೆ ಜೇನುಹುಳ.
ಶಾಲೆಯ ಹುಡುಗರು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರು.
ಅಳುತ್ತ ಬಂದರೆ ರೇನಾ ಚಿಕ್ಕಮ್ಮ ಗದರುತ್ತಿದ್ದಳು:
‘ನ್ಯಾಯ ಹೇಳಿದವಳ ಹೆಸರು ಕಣೇ ನಿನ್ನದು!
ಖರ್ಜೂರದ ಮರದಡಿ ಕೂತು
ನಾಡಿನ ವ್ಯಾಜ್ಯವೆಲ್ಲ ತೀರಿಸಿದವಳು.
ದಂಡನಾಯಕ ಬಾರಾಕನೇ
ನೀನು ಬಂದರೆ ಹೋಗುತ್ತೇನೆ, ಇಲ್ಲವಾದರೆ ಇಲ್ಲ ಅಂದಿದ್ದ.’
ಮಾರನೆಯ ದಿನ ನಾನು ಮೂಗೆತ್ತಿಕೊಂಡು ನಡೆದೆ.

ಬಟಾಣಿ ಸುಲಿಯುತ್ತಿದ್ದ ಅಜ್ಜಿ ಏನೂ ಅನ್ನಲಿಲ್ಲ.
ಒಂದು ರಾತ್ರಿ, ದೀಪ ಆರಿದ ಮೇಲೆ, ಅಂದಳು:
‘ಇನ್ನೊಬ್ಬಳೂ ಇದ್ದಾಳೆ. ನಾನು ಅವಳು.’

ರೆಬೆಕ್ಕ ಮದುವಣಗಿತ್ತಿಯಾಗಿ ಹೊರಟಾಗ
ಹಿಂದಿನ ಒಂಟೆ ಏರಿದ ದಾದಿ.
ಹೊರಟ ದಿನ ಬರೆದದ್ದು ‘ಅವಳ ದಾದಿ’ ಎಂದಷ್ಟೇ.
ಆಮೇಲೆ ಎಷ್ಟೋ ಪುಟ:
ಅವಳಿ ಮಕ್ಕಳು, ಬೇಳೆಯ ಸಾರು, ಕದ್ದ ಆಶೀರ್ವಾದ,
ಕನಸಿನ ಏಣಿ, ಹನ್ನೊಂದು ಗಂಡುಮಕ್ಕಳು.
ದಾದಿ ಎಲ್ಲೂ ಇಲ್ಲ.
ಸತ್ತ ದಿನ ಇದ್ದಕ್ಕಿದ್ದಂತೆ ಹೆಸರು ಬರುತ್ತದೆ:
ದೆವೋರಾ ತೀರಿಕೊಂಡಳು,
ಬೇತೇಲಿನ ತಗ್ಗಿನಲ್ಲಿ ಓಕ್ ಮರದಡಿ ಹೂಳಿದರು,
ಆ ಮರವನ್ನು ಅಳುವಿನ ಮರ ಎಂದು ಕರೆದರು.
ಅತ್ತವರು ಯಾರು, ಬರೆದಿಲ್ಲ.

ನ್ಯಾಯದ ಖರ್ಜೂರವೂ ಬೇತೇಲಿನ ದಾರಿಯಲ್ಲೇ ಇತ್ತಂತೆ.
ಅಲ್ಲಿಗೆ ಹೋಗುವಾಗ ಎರಡನೆಯವಳು
ಎಂದಾದರೂ ಆ ಓಕ್ ಮರದ ನೆರಳಲ್ಲಿ
ಚಪ್ಪಲಿಯ ಮಣ್ಣು ಕೊಡವಿದ್ದಳೋ,
ತನ್ನ ಹೆಸರು ಅಲ್ಲಿಂದ ಬಂದದ್ದೆಂದು ಯಾರಾದರೂ ಹೇಳಿದ್ದರೋ,
ನನಗೆ ಗೊತ್ತಿಲ್ಲ.

ಗೊತ್ತಿರುವುದು ಇಷ್ಟು.
ಕರಾತಾಶ್‌ನ ಸಿದಿ ಮನೆಯಲ್ಲಿ ಅಜ್ಜಿ
ಎರಡು ವರ್ಷ ಅವರ ಮಗನಿಗೆ ಮೊಲೆಯೂಡಿದಳು.
ರೇನಾ ಚಿಕ್ಕಮ್ಮ ಆಡಿನ ಹಾಲಲ್ಲಿ ಬೆಳೆದಳು.
ಅವರ ಮನೆಯ ಮೆಟ್ಟಿಲು ನೂರಾ ನಲವತ್ತು,
ಹಿಂಬಾಗಿಲಿಗೆ ಇನ್ನೂ ಆರು ಹೆಚ್ಚು.
‘ಹಾಲಿನವಳು ಬಂದಳಾ?’ ಎಂದು ಒಳಗಿಂದ ಕೇಳುತ್ತಿದ್ದರಂತೆ.

ಅಜ್ಜಿಯನ್ನು ಮಣ್ಣು ಮಾಡಿದ ದಿನ
ಸೈಪ್ರೆಸ್ ಮರದ ಹಿಂದೆ ಒಬ್ಬ ಮುದುಕ,
ಬೂದು ಕೋಟು, ಕೈಯಲ್ಲಿ ಟೋಪಿ.
ಅಳುತ್ತಿದ್ದ. ಮಗು ಅಳುವ ಹಾಗೆ, ಬಾಯಿ ತೆರೆದು.
ಎಲ್ಲರೂ ಹೋದ ಮೇಲೆ ಹತ್ತಿರ ಬಂದು,
‘ನಾನು ವಿದಾಲ್ ಸಿದಿ’ ಅಂದ.
‘ಪ್ರಾರ್ಥನೆ ಹೇಳಿಸಬೇಕಿತ್ತು. ಅವರ ಹೆಸರೇನು?’

ದೆವೋರಾ, ಅಂದೆ.
‘ನಿಮ್ಮದು?’
ಅದೇ.

ಅವನ ಕಾಲು ನಡುಗುತ್ತಿತ್ತು.
‘ಅವನಿಗೆ ಕುರ್ಚಿ ಗಿರ್ಚಿ ಏನೂ ಬೇಡ’
ಅಂದಳು ರೇನಾ ಚಿಕ್ಕಮ್ಮ, ನನಗೆ ಮಾತ್ರ ಕೇಳುವಂತೆ.
ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.
ಆಮೇಲೆ ಕಾವಲುಗಾರನ ಕೋಣೆಯಿಂದ
ಒಂದು ಮಡಚುವ ಕುರ್ಚಿಯನ್ನು ತಾನೇ ಎಳೆದು ತಂದಳು.