ಗ್ವಾಡಿ ಮ್ಯಾಲಿನ ಕನ್ನಡ

ಕೇಪೆಯ ಸಬ್‌ಜೈಲಿಗೆ ಖೋಲಿ ನಾಕು.
ಇಪ್ಪತ್ತೆರಡು ಮಂದ್ಯಾಗ ಹದಿನಾಕು ನಮ್ಮ ಕಡೇದವರು:
ಬಂದರದಾಗ ಚೀಲ ಹೊತ್ತವರು, ಸೆಂಟ್ರಿಂಗ್ ಹೊಡದವರು,
ಒಬ್ಬಾಂವ ಗಾಡಿ ಮ್ಯಾಲ ಮಿರ್ಚಿ ಕರದವ.
ಇಂಗ್ಲಿಷಿನ ಬೋರ್ಡು ಯಾರೂ ಓದಂಗಿಲ್ಲ,
ಮರಾಠಿದು ಅರ್ಧ ಉದುರಿ ಹೋಗೇತಿ.
"ಪೇಂಟರ್ ನೀನ ಅಲ್ಲೇನು?" ಅಂದ ಜೈಲರ್ ವೆಳೀಪ.
"ನಿಯಮ ಕನ್ನಡದಾಗ ಬರಿ.
ಗೊತ್ತಿರಲಿಲ್ಲ ಅಂತ ನಾಳೆ ಯಾರೂ ಅನಬಾರದು."

ಮೀನಿನ ದೋಣಿಗೆ ಹೆಸರು ಬರದ ಕೈ ಇದು,
ಬಾರಿನ ಬಾಗಲಿಗೆ ಬಾಟ್ಲಿ ತಗದ ಕೈ.
ಕೂಲಿ ಕೇಳಿದ ದಿನ ಅದ ಕೈ ಎತ್ತಿದ್ದು.
ಅದಕ್ಕ ಇಲ್ಲದೇನಿ.

ಮೂರು ದಿನ ನನಗೊಂದು ಏಣಿ,
ಏಣಿ ಕಾಲಿಗೊಬ್ಬ ಪೋಲೀಸ, ಕಾಯ್ತಾನ್.
ಏಣಿ ಗ್ವಾಡಿಗಿಂತ ಗಿಡ್ಡ ಇರಬೇಕು
ಅಂತ ಯಾವ ಪುಸ್ತಕದಾಗೂ ಇಲ್ಲ;
ಅದೊಂದು ಮಾತ್ರ ಎಲ್ಲಾರೂ ಪಾಲಸತಾರ.

೧. ಮುಂಜಾನೆ ಆರಕ್ಕ, ಸಂಜಿ ಆರಕ್ಕ ಎಣಿಕೆ.
ಬಸಲಿಂಗ ಕೆಳಗ ನಿಂತು ಅಂದ:
"ನಮ್ಮಪ್ಪ ಕುರೀನೂ ಹೆಸರು ಹಿಡದು ಎಣಸತಿದ್ದ."
ಹಂಗಾರ ಸೇರಸೋಣು: ಹೆಸರು ಕರದು ಎಣಸಬೇಕು.

೨. ಮುಂಜಾನೆ ಎರಡೆರಡು ಪಾವು, ಚಾ.
ಹೊರಗ ಪೊದೇರನ ಸೈಕಲ್ಲು ಪೊಂಯ್ ಪೊಂಯ್ ಅಂತು,
ನಾಕೂ ಖೋಲಿ ಒಮ್ಮೆಲೆ ಸುಮ್ಮನಾದವು.
ಬಿಸಿ ಇದ್ದಾಗ ಕೊಡಬೇಕು ಅಂತ ಬರದೆ.

೩. ಭೇಟಿ ಮಂಗಳವಾರ, ಶುಕ್ರವಾರ. ಹತ್ತು ಮಿನಿಟು.
ಬುತ್ತಿ ಬಿಚ್ಚಿ ನೋಡಬೇಕು. ರೊಟ್ಟಿ ಮುರೀಬಾರದು.

"ಇಂಗ್ಲಿಷಿನ್ಯಾಗ ಇಷ್ಟುದ್ದ," ಬೆರಳು ಅಳದ ಜೈಲರ್,
"ನಿಂದು ಯಾಕ ಅಷ್ಟುದ್ದ?"
ನಮ್ಮ ಭಾಷಾ ಹಂಗ ಐತ್ರಿ ಸಾಹೇಬ್ರ,
ಅಕ್ಷರಕ್ಕ ಅಕ್ಷರ ಜೋತು ಬೀಳತೈತಿ,
ಒತ್ತು ಕೆಳಗ ಇಳೀತಾವ, ಜಾಗಾ ಬೇಕು.
ಆತ ನಂಬಿದ. ಸುಳ್ಳೇನಲ್ಲ.

೪ರ ಹತ್ತಿರ ಬ್ರಶ್ ನಿಂತಿತು.
ಲಾಡಿ, ಬೆಲ್ಟು, ಉಡದಾರ ಬಾಗಲದಾಗ ಬಿಚ್ಚಿಕೊಡಬೇಕು,
ಅದು ಅವರು ಬರೆಯಾಕ ಹೇಳಿದ್ದು.
ಉಡದಾರ ಹರಿಯೂದು ಹೆಣದ ನಡದಿಂದ.
ಬಸಲಿಂಗ ಬಂದ ದಿನ ಕತ್ತರಿ ನೋಡಿ
ಹುಡುಗ್ರಂಗ ಅತ್ತಿದ್ದ; ನಾವು ಗ್ವಾಡಿಗೆ ಮುಖ ತಿರುವಿದ್ವಿ.
ಲಾಡಿ ಬರದೆ. ಬೆಲ್ಟು ಬರದೆ.
ಮೂರನೇ ಶಬ್ದದ ಜಾಗಾದಾಗ ಒಂದು ಹೂ ತಗದೆ.

ಐದರಿಂದ ಮುಂದ ಕೈದಿ, ಕೈದಿ, ಕೈದಿ.
ಕೋರ್ಟು ಇನ್ನೂ ಏನೂ ಹೇಳಿಲ್ಲಲ್ರೀ ಅಂದೆ.
"ಮತ್ತೇನು ಬರೀತಿ?"
ಒಳಗಿನವರು?
"ಹನ್ನೊಂದು ವರ್ಷ ಇದ ಕಂಪೌಂಡಿನಾಗ ಮಲಗೇನಿ,
ನಾ ಏನು ಹೊರಗಿನವೇನು?"
ಸ್ವಲ್ಪ ಹೊತ್ತು ಇಬ್ಬರೂ ಗ್ವಾಡಿ ನೋಡಿದ್ವಿ.
ಇಲ್ಲಿರುವವರು, ಅಂತ ಬರದೆ.

ಇಲ್ಲಿರುವವರು ಕುಡಿದಿರಬಾರದು.
ಇಲ್ಲಿರುವವರು ಒಬ್ಬರ ಮ್ಯಾಲೊಬ್ಬರು ಕೈ ಮಾಡಬಾರದು.
ಇಲ್ಲಿರುವವರಿಗೆ ಜಡ್ಡಾದರ ಅವತ್ತ ಡಾಕ್ಟರು ಬರಬೇಕು.

ಮಿರ್ಚಿಯವ ಜೋರಾಗಿ ಓದಿದ, ಕೊಂಕಣಿಯಾಗ ಬಿಡಿಸಿದ.
ಕಾಯ್ತಾನನ ಬಾಯಾಗ ಉರಾಕಿನ ವಾಸನಿ;
ಬಾಯಿ ಮ್ಯಾಲ ಕೈ ಇಟಗೊಂಡು
ಏಣಿ ಗಟ್ಟಿ ಹಿಡದ.
ಜೈಲರ್ ನಗಲಿಲ್ಲ. ಅಳಸು ಅಂತನೂ ಅನಲಿಲ್ಲ.
ತನ್ನ ಕ್ವಾರ್ಟರಿಗೆ ಹೋಗಿ
ಇನ್ನರ್ಧ ಡಬ್ಬಿ ಕರೀ ಬಣ್ಣ ತಂದ.

ಅದೂ ಹತ್ತಕ್ಕ ಮುಗೀತು.
೧೧ ಅಂತ ಅಂಕಿ ಹಾಕಿ ಚುಕ್ಕಿ ಇಟ್ಟೆ, ಮುಂದೇನೂ ಇಲ್ಲ.

ಜಾಮೀನಿಗೆ ಈ ನೆಲದಾಗ ಹೊಲ ಮನಿ ಇದ್ದವರು ಬೇಕಂತ.
ನನಗ ಇಲ್ಲಿ ಇರೂದು ಆ ಗ್ವಾಡಿ ಒಂದ.

ಹೊಸಬರು ಬಂದಾಗ ಬೆರಳಿಟ್ಟು ಓದತಾರ.
ಹನ್ನೊಂದನೇದು ಏನಣ್ಣಾ ಅಂತ ಕೇಳತಾರ.
ಬಸಲಿಂಗ ಅಂತಾನ: ಮಲಗೂಮುಂದ ಊರಿನ ಹೆಸರು ತಗೀಬಾರದು.
ಮಿರ್ಚಿಯವ ಅಂತಾನ: ತಗೀಬೇಕು.
ಕಾಯ್ತಾನ್ ಕೀಲಿ ಗೊಂಚಲಾ ತೊಡಿಗೆ ಬಡಕೋತ
ಅವರಿಬ್ಬರ ಜಗಳಾ ಮುಗಿಯೂ ತನಕ
ಬಾಗಲಾ ಹಾಕದ ನಿಂತಿರತಾನ.