ಗಾಜಿನ ಹಿಂದೆ ಪಿಲ್ಲಿಂಗ್

ಗುರುವಾರ ಎಂಟಕ್ಕೆ ಬರ್ನ್ಲಿಯ ನಮ್ಮ ಸಾಲುಮನೆಗೆ
ಎಡ್ಗರ್ ಪಿಲ್ಲಿಂಗ್ ಬರುತ್ತಿದ್ದ.
ಬರುತ್ತಿದ್ದ ಎಂದೇ ನಾವು ಹೇಳುತ್ತಿದ್ದುದು,
ಗ್ಯಾಸಿನ ಲೆಕ್ಕದವನು ಬಂದ ಹಾಗೆ.
ಕಾಲು ಒರೆಸಿಕೊಂಡು ಬಾರೋ ಮಾರಾಯ
ಎನ್ನುತ್ತಿದ್ದ ಅಪ್ಪ, ಟೀವಿಗೆ.

ರೈಲು ನಿಲ್ದಾಣದಲ್ಲಿ ಕಳೆದ ಸಾಮಾನಿನ ಕೋಣೆ,
ಅದಕ್ಕೊಬ್ಬ ಗುಮಾಸ್ತ. ಅಷ್ಟೇ ಕತೆ, ಆರು ವರ್ಷ.
ಯಾರೋ ಕರಿ ಕೊಡೆ ಕೇಳುತ್ತಾರೆ,
ಅವನು ನೂರಾ ನಲವತ್ತು ಕರಿ ಕೊಡೆ ಹೊತ್ತು ತಂದು
ಒಂದೊಂದೇ ಬಿಚ್ಚುತ್ತಾನೆ.
ಯಾರೋ ಕಟ್ಟಿಸಿದ ಹಲ್ಲು ಕೇಳಿದರೆ
ತಟ್ಟೆ ಮುಂದಿಟ್ಟು, ಮುಖ ಗಂಟಿಕ್ಕಿ,
"ಹಾಕಿ ನೋಡಿ. ನಕ್ಕರೆ ನಿಮ್ಮದು."

ಅಮ್ಮ ನಗುತ್ತಿದ್ದುದು ನಮಗಿಂತ ಅರೆಗಳಿಗೆ ಮೊದಲು.
ಇಪ್ಪತ್ತು ವರ್ಷ ಮಗ್ಗದ ನಡುವೆ ನಿಂತು
ಕಿವಿಯನ್ನು ಗಿರಣಿಯಲ್ಲೇ ಬಿಟ್ಟು ಬಂದವಳು.
ಆ ಸದ್ದಿನಲ್ಲಿ ನೇಯುವ ಹೆಂಗಸರಿಗೆ ತುಟಿಯೇ ಮಾತು;
ಎಂಟು ಮಗ್ಗದಾಚೆ ಯಾರ ಗಂಡ ಯಾರ ಬಾಗಿಲಲ್ಲಿ ಎಂಬುದನ್ನು
ದಾರ ಕಡಿಯದಂತೆ ಓದಿಬಿಡುವರು.

ಕಾರ್ಯಕ್ರಮ ಮುಗಿದು ಹೆಸರುಗಳು ಮೇಲೇರುವಾಗ
ಪಿಲ್ಲಿಂಗ್ ಗಾಜಿನ ಕಿಟಕಿ ಇಳಿಸಿ
ಅದರ ಹಿಂದೆ ನಿಂತು ಏನೋ ಹೇಳುತ್ತಿದ್ದ.
ನಮಗೆ ಕೇಳಿಸುತ್ತಿದ್ದುದು ಬರೀ ವಾದ್ಯ.
ಮೀನು ಬಾಯಿ ಬಿಟ್ಟಂತಿದೆ ಎಂದು ದೇಶವೆಲ್ಲ ನಕ್ಕಿರಬೇಕು.
ನಮ್ಮ ಬೀದಿಯ ನಗುವೇ ಬೇರೆ:
ಅಮ್ಮ ಸೆರಗಿಲ್ಲದ ಊರಲ್ಲಿ ಏಪ್ರನ್ ಬಾಯಿಗೊತ್ತಿಕೊಂಡು,
ಗೋಡೆಯಾಚೆ ಮಿಸೆಸ್ ಹಿಂಡ್ಲ್ ಸೌಟಿನಿಂದ ಕುಟ್ಟಿ, ಕೇಳಿದೆಯಾ ಎಂದು.
ಪಕ್ಕದ ಕಣಿವೆಯಲ್ಲಿ ಅವನ ತಾಯಿಯೂ ನೇಯ್ದವಳಂತೆ.

ಏನಂದ ಅಮ್ಮ?
ದೊಡ್ಡವಳಾಗು, ಹೇಳ್ತೀನಿ.
ದೊಡ್ಡವಳಾದೆ. ಕೇಳಲು ಮರೆತೆ.
ನೆನಪಾದಾಗ ಹೇಳುವವಳು ಇರಲಿಲ್ಲ.

ಈಗ ನನಗೆ ಎಪ್ಪತ್ತೊಂದು. ನನ್ನ ಕಿವಿಯೂ ಹೊರಟಿದೆ,
ಗಿರಣಿಯ ನೆಪವಿಲ್ಲದೆ, ಸುಮ್ಮನೆ.
ಬುಧವಾರ ಗ್ರಂಥಾಲಯದ ಮಹಡಿಯಲ್ಲಿ ತುಟಿ ಓದುವ ತರಗತಿ.
ಪ, ಬ, ಮ ಮೂರೂ ತುಟಿಗೆ ಒಂದೇ
ಎನ್ನುತ್ತಾಳೆ ಕಲಿಸುವ ಸಾದಿಯಾ;
ಅಪ್ಪ ಎಂದರೂ ಅಮ್ಮ ಎಂದರೂ
ನೋಡುವವರಿಗೆ ಒಬ್ಬರೇ.

ಹಳೆಯ ಡಿಸ್ಕು ತರಿಸಿ, ಸದ್ದು ಪೂರಾ ಇಳಿಸಿ ಕೂತೆ.
ಮೊದಲನೆಯದು: ಈ ಬೂಟು ಕಚ್ಚುತ್ತೆ ಕಣ್ರೇ.
ಎರಡನೆಯದು ನಿರ್ದೇಶಕನ ಕುರಿತು, ಬರೆಯುವಂತಿಲ್ಲ.
ಐದರಲ್ಲಿ ಒಂದು ಕುದುರೆಯ ಹೆಸರು!
ಒಂದು ಶನಿವಾರ ಅಮ್ಮ ಅರ್ಧ ಕ್ರೌನ್ ಕಳೆದುಕೊಂಡು
ಮೀನಿನ ಬದಲು ಬರೀ ಆಲೂಗಡ್ಡೆ ಬಡಿಸಿದ್ದು
ಯಾಕೆಂದು ಅರವತ್ತು ವರ್ಷದ ಮೇಲೆ ತಿಳಿಯಿತು.
ಒಂಬತ್ತರಲ್ಲಿ, ಅಮ್ಮ, ಭಾನುವಾರ ಬರ್ತೀನಿ.
ಅಮ್ಮ ಅಂದನೋ, ಅಪ್ಪ ಅಂದನೋ.

ಒಂದು ಗುರುವಾರ ಅಮ್ಮ ನಗಲಿಲ್ಲ.
ಎದ್ದು ಹೋಗಿ, ಅವನ ಮುಖ ಇನ್ನೂ ಇರುವಾಗಲೇ,
ಟೀವಿಯ ಗಾಜನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು.
ಗೋಡೆಯಾಚೆ ಸೌಟೂ ಸುಮ್ಮನಿತ್ತು.
ಅದೊಂದು ಕಂತು ಡಿಸ್ಕಿನಲ್ಲಿಲ್ಲ.
ಕಾಸು ಉಳಿಸಲು ಕಂಪನಿಯವರು ಆ ಟೇಪಿನ ಮೇಲೇ
ಯಾವುದೋ ಫುಟ್‌ಬಾಲ್ ಆಟ ತುಂಬಿಸಿದರಂತೆ.
ಪತ್ರ ಬರೆದೆ. ಕ್ಷಮಿಸಿ ಎಂದು ಬಂತು,
ಪಿಲ್ಲಿಂಗನ ಪಟದ ಒಂದು ಚಹಾ ಬಟ್ಟಲಿನ ಜೊತೆ.

ಮೊನ್ನೆ ಸಾದಿಯಾ ನನ್ನನ್ನು ಮುಂದೆ ನಿಲ್ಲಿಸಿದಳು:
ದನಿಯಿಲ್ಲದೆ ಒಂದು ಮಾತು ಹೇಳಿ,
ಉಳಿದವರು ಓದಲಿ.
ನಾನು ಮುಖ ಗಂಟಿಕ್ಕಿ, ತಟ್ಟೆ ಹಿಡಿದಂತೆ ಕೈಯೊಡ್ಡಿ,
ಹಾಕಿ ನೋಡಿ, ನಕ್ಕರೆ

ಹಿಂದಿನ ಸಾಲಲ್ಲಿ, ಟೋಪಿ ತೆಗೆಯದೆ ಕೂತಿದ್ದ ಮುದುಕನೊಬ್ಬ
ಆಗಲೇ ನಗುತ್ತಿದ್ದ.