ನಡುವೆ ಬಾಗಿಲಿರುವ ಕೋಣೆ

ಶಾರ್ಜಾ, ರೋಲಾದ ನಮ್ಮ ಒಂದೇ ಕೋಣೆಯ ಮನೆಯಲ್ಲಿ
ರಾತ್ರಿ ಹನ್ನೊಂದಕ್ಕೆ, ಪರದೆಯ ಈಚೆ,
ಮಾಲಿನಿ ಮೊಬೈಲಿನಲ್ಲಿ ಹೋಟೆಲು ಹುಡುಕುತ್ತಾಳೆ.
ಅಬುಧಾಬಿಯ ನಡುಗಡ್ಡೆಯಲ್ಲಿ, ಪಾರ್ಕಿಗೆ ಹತ್ತಿರ,
ಬೆಳಗಿನ ತಿಂಡಿ ಸೇರಿ, ಒಂದೇ ಒಂದು ರಾತ್ರಿಗೆ.

"ಫ್ಯಾಮಿಲಿ ರೂಮ್ ಅಂತಿದೆ ಕಾಣಿ":
ಒಂದು ದೊಡ್ಡ ಮಂಚ, ಬಿಡಿಸಿದರೆ ಹಾಸಿಗೆಯಾಗುವ ಸೋಫಾ,
ಮೂಲೆಯಲ್ಲಿ ಚಹಾದ ಕೆಟಲು, ನಾಲ್ಕು ಜನ.
ಅದಕ್ಕೆ ಆರುನೂರ ಹತ್ತು ದಿರ್ಹಮ್ ಯಾಕೆ,
ಅದರಲ್ಲೇ ಇದ್ದೇವಲ್ಲ ಒಂಬತ್ತು ವರ್ಷದಿಂದ,
ಅಂದೆ. ಅವಳು ನಗಲಿಲ್ಲ.

ಚಿಂತನನಿಗೆ ಕೋಣೆಯ ಚಿಂತೆಯೇ ಇಲ್ಲ.
ಅವನದು ಒಂದೇ ಮಾತು, ನೂರಮೂವತ್ತು ಸೆಂಟಿಮೀಟರ್.
ಫ್ರಿಜ್ಜಿಗೆ ಬೆನ್ನು ಹಚ್ಚಿ, ಎರಡು ಜೊತೆ ಕಾಲುಚೀಲ ಹಾಕಿ
ಮೂರು ದಿನದಿಂದ ಅಳೆಯುತ್ತಿದ್ದಾನೆ;
ಒಂದು ಬೆರಳು ಬಾಕಿ.

ನಾನು ಹೋಟೆಲುಗಳನ್ನು ಬಲ್ಲೆ, ಆದರೆ ಮೇಲಿನಿಂದ,
ಸೀಲಿಂಗಿನ ಚೌಕ ಸರಿಸಿ, ತಲೆ ತೂರಿಸಿ ಬಲ್ಲೆ.
ಲಿಫ್ಟಿನ ಎದುರಿನದು ಬೇಡ, ಚಿಲ್ಲರ್ ಕೆಳಗಿನ ಮಹಡಿ ಬೇಡ,
ಮೂಲೆ ಕೋಣೆಯಲ್ಲಿ ಏಸಿಯ ನೀರಿನ ಪೈಪು ಕಟ್ಟುತ್ತದೆ,
ಕಾರ್ಪೆಟ್ಟು ಎಂದೂ ಒಣಗುವುದಿಲ್ಲ.
ಚಿತ್ರದಲ್ಲಿ ಇದಾವುದೂ ಇರುವುದಿಲ್ಲ;
ಚಿತ್ರದಲ್ಲಿ ಬಿಳಿ ಟವೆಲು ಹಂಸವಾಗಿ ಕೂತಿರುತ್ತದೆ.

ಮಕ್ಕಳ ವಯಸ್ಸು ಕೇಳಿತು. ಹಾಕಿದಳು: ಎಂಟು. ಹನ್ನೆರಡು.
ಒಂದು ಕ್ಷಣ ಗಿರಗಿರ ತಿರುಗಿ
ದರ ಏರಿತು. ಹನ್ನೆರಡು ತುಂಬಿದವರು ದೊಡ್ಡವರು.
ತುಂಬಿ ಹತ್ತೊಂಬತ್ತೇ ದಿನ! ಹನ್ನೊಂದು ಅಂತ ಹಾಕು,
ಯಾರು ನೋಡ್ತಾರೆ, ಅಂದೆ.
ಮಾಲಿನಿ ಫೋನು ಮಗುಚಿ ಹಾಸಿಗೆಯ ಮೇಲಿಟ್ಟಳು.
ಪರದೆಯ ಕಡೆ ನೋಡಿ, ದನಿ ತಗ್ಗಿಸಿ:
"ಅವಳು ದೊಡ್ಡವಳಾದಳು ಅಲ್ದಾ. ಮೊನ್ನೆ ಶುಕ್ರವಾರ."

ಮೊನ್ನೆ ಶುಕ್ರವಾರ ನಾನು ಓವರ್‌ಟೈಮಿನಲ್ಲಿದ್ದೆ.
ಊರಲ್ಲಾಗಿದ್ದರೆ ಎಳ್ಳುಂಡೆ, ಕೊಬ್ಬರಿ, ಹೊಸ ಲಂಗ;
ಇಲ್ಲಿ ವೀಡಿಯೊ ಕಾಲಿನಲ್ಲಿ ಕೋಟೇಶ್ವರದ ಅಜ್ಜಿ
ಸೊಸೆಗೆ ಗುಟ್ಟಾಗಿ ಹೇಳಿದ್ದು
ಮೂರು ಮನೆಯವರ ಒಂದೇ ಅಡುಗೆಕೋಣೆಯವರೆಗೂ
ಕೇಳಿಸಿರಬೇಕು.
ನನಗೊಬ್ಬನಿಗೆ ಗೊತ್ತಿರಲಿಲ್ಲ.
ಹೋಟೆಲಿಗೆ ಗೊತ್ತಾಗಿತ್ತು.

ಆಮೇಲೆ ಸಿಕ್ಕಿತು: ಪಕ್ಕಪಕ್ಕದ ಎರಡು ಕೋಣೆ,
ನಡುವೆ ಬಾಗಿಲು. ಮುನ್ನೂರ ನಲವತ್ತು ಜಾಸ್ತಿ.
ಅಷ್ಟಕ್ಕೆ ಎಷ್ಟು ಮೂಟೆ ಕುಚ್ಚಲಕ್ಕಿ,
ಎಷ್ಟು ವಾರದ ಬಂಗುಡೆ, ಎಂದು ನಾನು ಲೆಕ್ಕ ಹಾಕುತ್ತಿದ್ದಾಗ
ಪರದೆಯಾಚೆಯಿಂದ ಪ್ರಾಪ್ತಿ,
ಮಲಗಿದ್ದಾಳೆ ಅಂದುಕೊಂಡವಳು, ಕೇಳಿದಳು:
"ಆ ಬಾಗಿಲಿಗೆ ಚಿಲಕ ಇರ್ತದಾ?"

ಇರ್ತದೆ ಮಗಾ. ನನಗೆ ಗೊತ್ತು.
ಅದು ಒಂದು ಬಾಗಿಲಲ್ಲ, ಎರಡು, ಬೆನ್ನಿಗೆ ಬೆನ್ನು;
ಅವರವರ ಚಿಲಕ ಅವರವರ ಕಡೆ.

ದಿನವಿಡೀ ಸುತ್ತಿದೆವು. ಚಿಂತನ ಅಳತೆಗೋಲಿನ ಕೆಳಗೆ ಅತ್ತ,
ಐಸ್‌ಕ್ರೀಮಿಗೆ ಸುಮ್ಮನಾದ.
ರಾತ್ರಿ ಕಿಟಕಿಯಾಚೆ ರೋಲರ್ ಕೋಸ್ಟರ್
ದೀಪ ಆರಿ, ದಡಕ್ಕೆ ಬಿದ್ದ ತಿಮಿಂಗಿಲದ
ಪಕ್ಕೆಲುಬಿನ ಹಾಗೆ ನಿಂತಿತ್ತು.
ಹತ್ತೂವರೆಗೆ ಅವಳ ಕಡೆ ಟಕ್ ಅಂತು.
ಮಾಲಿನಿ ಮಗ್ಗುಲು ಬದಲಿಸಿದಳು. ನಾನೂ.
ಚಿಂತನ ಹುಟ್ಟಿದಾಗಿನಿಂದ ನಾಲ್ಕು ಉಸಿರಿಗೆ ಮಲಗಿದವರು,
ಮೂರಕ್ಕೆ ನಿದ್ದೆ ಹತ್ತುವುದಿಲ್ಲ.

ಎರಡು ಗಂಟೆಗೆ ಎದ್ದೆ. ಗಾಳಿಯ ಜಾಲರಿಯಲ್ಲಿ
ಒಂದು ಸ್ಕ್ರೂ ಸಡಿಲ, ಸಣ್ಣಗೆ ಕಟಕಟ.
ಕುರ್ಚಿ ಹತ್ತಿ, ಒಂದು ದಿರ್ಹಮ್ ನಾಣ್ಯ ತೂರಿಸಿ ತಿರುಗಿಸಿದೆ.
"ದುಡ್ಡು ಕೊಟ್ಟು ಬಂದ ಮೇಲೂ ಕೆಲಸವಾ?"
ಅಂದಳು ಮಾಲಿನಿ, ಕಣ್ಣು ಬಿಡದೆ.
ಆಗ ಚಿಲಕ ಸರಿಯಿತು. ಸಂದಿಯಲ್ಲಿ ಅರ್ಧ ಮುಖ:
"ಅಪ್ಪಾ, ನಂದೂ ಸದ್ದು ಮಾಡ್ತದೆ."

ಕುರ್ಚಿಯನ್ನು ಅವಳೇ ಹಿಡಿದುಕೊಂಡಳು.
ಬಿಗಿ ಮಾಡಿ ಇಳಿದೆ. ಥ್ಯಾಂಕ್ಸ್ ಅಂದಳು,
ಕಂಪ್ಲೇಂಟ್ ಕೊಟ್ಟ ಗೆಸ್ಟುಗಳು ಅನ್ನುವ ಹಾಗೆ.
ನಾನು ಈಚೆ ಬಂದೆ.
ಮತ್ತೆ ಟಕ್.